ಎತ್ತರದ ಕುದುರೆ, ಗಿಡ್ಡ ಹಗ್ಗ

ಅಂತರಸಂತೆ
18 ನವೆಂಬರ್ 2024

ಮಾವನಿಗೆ ರೂಪಶ್ರೀಯ ನಮಸ್ಕಾರ.

ಫೋನ್ ಮಾಡಿ ಸಾಕಾಯಿತು. ನೀವು ಎತ್ತುವುದಿಲ್ಲ ಎಂದು ಗೊತ್ತಿದ್ದೂ ಮಾಡಿದೆ. ಅದಕ್ಕೇ ಈ ಕಾಗದ. ಹುಣಸೂರು ಬಸ್ಸಿನ ಕಂಡಕ್ಟರ್ ಇದನ್ನು ಬಸ್ ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯಲ್ಲಿ ಕೊಡುತ್ತಾರೆ. ಬೆಳಿಗ್ಗೆ ಅಲ್ಲಿಗೆ ಹೋಗುವುದನ್ನು ನೀವು ಬಿಟ್ಟಿರಲಾರಿರಿ. ಹರಿದು ಹಾಕುವುದಿದ್ದರೆ ಓದಿ ಹರಿಯಿರಿ.

ನನ್ನ ವಿಷಯವಲ್ಲ ಮಾವ, ಒಂದು ಕುದುರೆಯ ವಿಷಯ. ನಾನು ಕೆಲಸಕ್ಕಿರುವ ಈ ರೆಸಾರ್ಟಿನವರು ಕುದುರೆ ಲಾಯ ಮುಚ್ಚುತ್ತಿದ್ದಾರೆ. ಬೇರೆಯವೆಲ್ಲ ಮಾರಾಟವಾಗಿ ಹೋದವು. ಉಳಿದಿರುವುದು ಗಗನ ಒಬ್ಬನೇ. ನಾನು ಪಕ್ಕದಲ್ಲಿ ನಿಂತರೆ ಅವನ ಬೆನ್ನು ನನ್ನ ನೆತ್ತಿಗಿಂತ ಮೇಲಿರುತ್ತದೆ. ತಲೆ ಎತ್ತಿದನೆಂದರೆ ಲಾಯದ ಹೆಂಚು ಮೂಸುತ್ತಾನೆ. ಅಷ್ಟು ಎತ್ತರದ ಕುದುರೆ ಈ ಸೀಮೆಯಲ್ಲಿ ಇನ್ನೊಂದಿಲ್ಲ ಎನ್ನುತ್ತಾರೆ.

ಅವನನ್ನು ಬೆಂಗಳೂರಿನಿಂದ ತಂದದ್ದು ಮುಚ್ಚಿದ ವ್ಯಾನಿನಲ್ಲಿ. ಮಾಮೂಲಿ ಕುದುರೆಗೆಂದು ಮಾಡಿಸಿದ ವ್ಯಾನು. ದಾರಿಯುದ್ದಕ್ಕೂ ಕತ್ತು ಬಗ್ಗಿಸಿ ನಿಂತವನು ರಸ್ತೆಯ ಯಾವುದೋ ಉಬ್ಬಿಗೆ ಬೆಚ್ಚಿ ತಲೆ ಎತ್ತಿದ, ಮೇಲಿನ ಕಬ್ಬಿಣ ಬಡಿದು ನೆತ್ತಿ ಸೀಳಿತು. ಇಳಿಸಿಕೊಂಡವಳು ನಾನೇ. ಅವತ್ತಿನಿಂದ ತಲೆಯ ಮೇಲೆ ಮಾಡು ಇರುವ ಯಾವ ಗಾಡಿಗೂ ಅವನು ಕಾಲಿಡುವುದಿಲ್ಲ. ಬಲವಂತ ಮಾಡಿದರೆ ಹಿಂಗಾಲಿನ ಮೇಲೆ ನಿಲ್ಲುತ್ತಾನೆ.

ಪಿರಿಯಾಪಟ್ಟಣದ ಆಚೆ ತೋಟದಲ್ಲಿರುವ ಜಯಲಕ್ಷ್ಮಮ್ಮ ಎಂಬುವರು ಅವನನ್ನು ಇಟ್ಟುಕೊಳ್ಳಲು ಒಪ್ಪಿದ್ದಾರೆ. ಅವರ ಯಜಮಾನರು ಕುದುರೆ ಪೊಲೀಸಿನಲ್ಲಿದ್ದವರು. ಅವರು ಹೋದ ಮೇಲೆ ಲಾಯ ಖಾಲಿ ಬಿದ್ದಿದೆ. ನನಗೂ ಅಲ್ಲೇ ಇರಲು ಹೇಳಿದ್ದಾರೆ. ವರ್ಷ ಮುಗಿಯುವುದರೊಳಗೆ ಕರೆದೊಯ್ಯದಿದ್ದರೆ ಮದುವೆ ಮೆರವಣಿಗೆಗೆ ಕುದುರೆ ಬಿಡುವವನೊಬ್ಬ ಬಂದು ಹೊಡೆದುಕೊಂಡು ಹೋಗುತ್ತಾನೆ. ಅವನದೂ ಮುಚ್ಚಿದ ವ್ಯಾನೇ. ಗಗನ ಅದರಲ್ಲಿ ಉಳಿಯುವುದಿಲ್ಲ.

ದಸರಾ ಆನೆಗಳನ್ನು ಹೊತ್ತ ನಿಮ್ಮ ಲಾರಿಗೆ ಮೇಲೆ ಮಾಡು ಇಲ್ಲ, ಪಕ್ಕದ ಹಲಗೆಗಳೂ ಎತ್ತರ. ನಮ್ಮ ಜಗಳದ ಮಾತು ನಾನು ಎತ್ತುವುದಿಲ್ಲ. ಅಮ್ಮ ತೀರಿಕೊಂಡ ಮೇಲೆ ಸಾಕಿದವರು ನೀವು, ನಿಮ್ಮ ಕೋಪ ನನಗಿರಲಿ. ಕುದುರೆ ನಿಮಗೇನು ಮಾಡಿದೆ?

ಇಂತಿ,
ರೂಪ


ಹುಣಸೂರು
25 ನವೆಂಬರ್ 2024

ರೂಪಶ್ರೀಗೆ,

ಕುದುರೆ ನನಗೇನು ಮಾಡಿದೆ ಎಂದು ಕೇಳಿದ್ದೀಯ. ಏನೂ ಮಾಡಿಲ್ಲ. ಅದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಇತ್ಯರ್ಥವಾಗಲಿ. ನಮ್ಮ ಮಗ ಯತೀಶನನ್ನು ಮದುವೆಯಾಗಲು ಒಲ್ಲೆ ಎಂದು ನೀನು ಹೇಳಿ ಹೋದ ದಿನ ನಿನ್ನ ಅತ್ತೆ ಅಡುಗೆಮನೆಯಲ್ಲೇ ಕುಸಿದು ಕೂತಳು. ನೀನು ಹುಟ್ಟಿದಾಗ ನಿನ್ನಮ್ಮನಿಗೆ ಕೊಟ್ಟ ಮಾತು, ಊರಿಗೆಲ್ಲ ಗೊತ್ತಿದ್ದ ಮಾತು. 'ಒಂದೇ ತಟ್ಟೇಲಿ ಉಂಡೋನ್ನ ಹೆಂಗ್ ಕಟ್ಕಳ್ಲಿ' ಅಂದೆ ನೀನು. ಆ ಸಿಟ್ಟಿನಲ್ಲಿ ನಿನ್ನ ಜೊತೆ ಇನ್ನು ಮಾತಾಡುವುದಿಲ್ಲ ಎಂದು ನಾನು ನಿನ್ನ ಅತ್ತೆಯ ತಲೆ ಮುಟ್ಟಿ ಆಣೆ ಮಾಡಿದೆ. ಆಣೆ ಮುರಿದರೆ ಅದು ಯಾರ ಮೇಲೆ ತಿರುಗುತ್ತದೆ ಎಂಬುದು ನಿನಗೆ ಗೊತ್ತು. ನಿನ್ನ ಅತ್ತೆಗೆ ಮೊದಲೇ ಬಿ.ಪಿ. ಹಾಗಾಗಿ ಮಾತು ಇಲ್ಲ. ಆದರೆ ಆಣೆ ಮಾಡಿದ್ದು ಬಾಯಿಗೆ. ಕೈಗೆ ಮಾಡಿಲ್ಲ. ಬರೆಯಬಹುದು ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ.

ಇನ್ನು ನಿನ್ನ ಒಂಟೆಯ ವಿಷಯ. ವೀರನಹೊಸಹಳ್ಳಿಯಿಂದ ಮೈಸೂರಿಗೆ ಆನೆ ಇಳಿಸಿ ಬಂದವನಿಗೆ ಕುದುರೆ ಯಾವ ಲೆಕ್ಕ? ಆನೆ ಹೋದದ್ದೇ ದಾರಿ ಎನ್ನುತ್ತಾರೆ. ಆ ದಾರಿಯಲ್ಲಿ ನಿನ್ನ ಒಂಟೆಯೂ ಹೋಗುತ್ತದೆ. ಚುಂಚನಕಟ್ಟೆ ಜಾತ್ರೆಗೆ ಎಷ್ಟು ಜೊತೆ ಎತ್ತು ಸಾಗಿಸಿದ್ದೇನೆ, ಒಂದಕ್ಕೂ ಗೀರು ಬಿದ್ದಿಲ್ಲ. ಪ್ರಾಣಿಯನ್ನು ಬಿಗಿಯಾಗಿ ಕಟ್ಟಬೇಕು, ಅಷ್ಟೇ. ಅಲ್ಲಾಡಲು ಜಾಗ ಕೊಟ್ಟರೆ ಅದಕ್ಕೆ ಭಯ ಹುಟ್ಟುತ್ತದೆ.

ಬಾಡಿಗೆಯ ಮಾತು ಎತ್ತಬೇಡ. ಎತ್ತಿದರೆ ಬರುವುದಿಲ್ಲ. ಏನೇನು ಬೇಕು ಬರೆ.

ಪುಟ್ಟಸ್ವಾಮಿ


ಅಂತರಸಂತೆ
1 ಡಿಸೆಂಬರ್ 2024

ಮಾವ,

ನಿಮ್ಮ ಕಾಗದ ಓದಿ ಲಾಯದಲ್ಲಿ ಕೂತು ಅತ್ತುಬಿಟ್ಟೆ. ಗಗನ ನನ್ನ ತಲೆಕೂದಲು ಎಳೆದು ಎಬ್ಬಿಸಿದ.

ಬೇಕಾದ್ದನ್ನು ಬರೆಯುತ್ತೇನೆ, ಜಂಬ ಎಂದುಕೊಳ್ಳಬೇಡಿ. ತಳಕ್ಕೆ ಮರಳು ಹಾಕಿ ಮೇಲೆ ತೆಂಗಿನ ನಾರಿನ ಚಾಪೆ ಹಾಸಬೇಕು, ಇಲ್ಲದಿದ್ದರೆ ಗೊರಸು ಜಾರುತ್ತದೆ. ಕುದುರೆ ಆನೆಯ ಹಾಗಲ್ಲ. ಉದ್ದ ಕಾಲು, ಭಾರವೆಲ್ಲ ಮೇಲೆ. ತಿರುವಿನಲ್ಲಿ ಕಾಲು ಅಗಲಿಸಿ ನಿಲ್ಲಲು ಜಾಗ ಸಿಗದಿದ್ದರೆ ಬೀಳುತ್ತಾನೆ. ಹಲಗೆಗಳಿಗೆ ಹುಲ್ಲು ತುಂಬಿದ ಗೋಣಿಚೀಲ ಕಟ್ಟಿದರೆ ಒರಗಿಕೊಂಡರೂ ಗಾಯವಾಗುವುದಿಲ್ಲ. ಹತ್ತಲು ಹಲಗೆ ಬೇಡ, ಕಡಿದಾದ ಹಲಗೆ ಕಂಡರೆ ನಿಂತುಬಿಡುತ್ತಾನೆ. ಇಲ್ಲಿ ಹಳೆಯ ಮಣ್ಣಿನ ದಿಬ್ಬವೊಂದಿದೆ, ಅದಕ್ಕೆ ಲಾರಿಯ ಹಿಂಬದಿ ಹಚ್ಚಿದರೆ ಮನೆಯೊಳಗೆ ನಡೆದ ಹಾಗೆ ನಡೆದು ಹೋಗಬಹುದು. ಜಯಲಕ್ಷ್ಮಮ್ಮನವರೂ ಅಂಥದೇ ದಿಬ್ಬ ಮಾಡಿಸುತ್ತಿದ್ದಾರೆ.

ಇನ್ನೊಂದು. ಲಾರಿ ಒಂದೆರಡು ದಿನ ಮೊದಲೇ ಬಂದು ಇಲ್ಲಿ ನಿಲ್ಲಲಿ. ಹುರುಳಿ ಹುಲ್ಲು ಎಲ್ಲ ಅದರಲ್ಲೇ ಇಡುತ್ತೇನೆ. ತಾನಾಗಿ ಹತ್ತಿ ತಿಂದು ಇಳಿದು ಬಂದರೆ ಹೊರಡುವ ದಿನ ಹೆದರುವುದಿಲ್ಲ. ತಲೆಯ ಮೇಲೆ ಮಾಡು ಇಲ್ಲ ಎಂಬುದು ಅವನಿಗೆ ತಿಳಿಯಬೇಕು.

ಹಗ್ಗ ಮಾತ್ರ ಉದ್ದ ಬಿಡಬೇಕು ಮಾವ. ಕುದುರೆ ಆಗಾಗ ತಲೆ ಕೆಳಗೆ ಬಿಟ್ಟು ಮೂಗಿನ ಧೂಳು, ಕಫ ಎಲ್ಲ ಇಳಿಸಿಕೊಳ್ಳಬೇಕು.

ದಾರಿಯದೇ ಚಿಂತೆ. ಮಾಡು ಇಲ್ಲದ ಮೇಲೆ ಅವನ ತಲೆ ಲಾರಿಯ ಮೇಲೆ ಎಷ್ಟು ಎತ್ತರಕ್ಕೆ ಹೋಗುತ್ತದೋ. ಹಳ್ಳಿಗಳಲ್ಲಿ ಕರೆಂಟಿನ ತಂತಿಗಳು ಎಷ್ಟು ಕೆಳಗೆ ಜೋತಿರುತ್ತವೆ! ನನಗೆ ನಿದ್ದೆ ಬರುತ್ತಿಲ್ಲ.

ರೂಪ


ಹುಣಸೂರು
9 ಡಿಸೆಂಬರ್ 2024

ರೂಪಶ್ರೀಗೆ,

ನಿದ್ದೆ ಮಾಡು. ದಾರಿ ನೋಡಿ ಬಂದಿದ್ದೇನೆ.

ಲಾರಿಯ ತಳದಿಂದ ನಿನ್ನ ಒಂಟೆ ತಲೆ ಎತ್ತಿದರೆ ಎಲ್ಲಿಗೆ ಬರುತ್ತದೆ ಎಂದು ಅಂದಾಜು ಮಾಡಿ ಒಂದು ಬಿದಿರು ಕಡಿಸಿದೆ. ಭಾನುವಾರ ಮೋಟಾರ್ ಬೈಕಿನಲ್ಲಿ ಅಂತರಸಂತೆಯ ಹತ್ತಿರದವರೆಗೂ ಹೋಗಿ, ಅಲ್ಲಿಂದ ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ ಎಂದು ಇಡೀ ದಾರಿ ಬಂದೆ. ಹಿಂದೆ ಕೂತು ಬಿದಿರು ನೆಟ್ಟಗೆ ಹಿಡಿದಿದ್ದವನು ಯತೀಶ. ಯಾತಕ್ಕೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ಊರಿನಲ್ಲಿ ಅರಳಿಕಟ್ಟೆಯ ಮೇಲಿದ್ದವರು, 'ಏನ್ ಪುಟ್ಟಸ್ವಾಮಣ್ಣ, ಬಿದ್ರು ಒತ್ಕೊಂಡು ಯಾವ್ ಮದ್ವೆ ಚಪ್ಪರಕ್ಕೆ ಒಂಟ್ರಿ?' ಎಂದು ಕೂಗಿದರು. ಯತೀಶ ನಕ್ಕ. ಅವನು ನಕ್ಕು ಬಹಳ ದಿನವಾಗಿತ್ತು.

ಮೂರು ಕಡೆ ತಂತಿ ಬಿದಿರಿಗೆ ತಾಗಿತು. ಎರಡು ಕಡೆ ಆಲದ ಕೊಂಬೆ. ಕೊಂಬೆ ಇದ್ದಲ್ಲಿ ರಸ್ತೆಯ ನಡುವೆ ಬಂದರೆ ತಪ್ಪುತ್ತದೆ. ತಂತಿಗೆ ದಾರಿಯಿಲ್ಲ. ಆದ್ದರಿಂದ ನಿನ್ನ ಹಗ್ಗದ ಮಾತು ಆಗುವುದಿಲ್ಲ. ಎರಡೂ ಕಡೆಯಿಂದ ಮೇಲಿನ ಹಲಗೆಗೆ ಬಿಗಿದು ಕಟ್ಟುತ್ತೇನೆ, ತಲೆ ಹಲಗೆಯ ಮಟ್ಟದಲ್ಲೇ ಇರಬೇಕು. ಒಂದು ಸಲ ಎತ್ತಿದನೋ, ಕರೆಂಟಿನ ತಂತಿ ಕುದುರೆ ಆನೆ ಎಂದು ನೋಡುವುದಿಲ್ಲ. ಇದರಲ್ಲಿ ಚರ್ಚೆ ಬೇಡ.

ಹದಿನಾರಕ್ಕೆ ಲಾರಿ ತರುತ್ತೇನೆ. ನಾನು ಮಾತಾಡುವುದಿಲ್ಲ, ನೆನಪಿರಲಿ. ಬೇಕಾದರೆ ನೀನು ಮಾತಾಡು, ಕೇಳಿಸಿಕೊಳ್ಳುತ್ತೇನೆ.

ಪುಟ್ಟಸ್ವಾಮಿ


ಅಂತರಸಂತೆ
13 ಡಿಸೆಂಬರ್ 2024

ಮಾವ,

ಹಗ್ಗದ ವಿಷಯ ನೀವು ಹೇಳಿದ ಹಾಗೇ ಆಗಲಿ. ಲಾರಿ ಓಡುವಾಗ ಬಿಗಿ ಇರಲಿ, ನಿಂತಾಗೆಲ್ಲ ಸಡಿಲ ಮಾಡೋಣ.

ಯತೀಶನಿಗೆ... ಏನು ಹೇಳಬೇಕೋ ತಿಳಿಯದು. ಬೇಡ, ಏನೂ ಹೇಳಬೇಡಿ.

ರೂಪ


ಪಿರಿಯಾಪಟ್ಟಣ
20 ಡಿಸೆಂಬರ್ 2024

ಮಾವ,

ನೀವು ನಿನ್ನೆ ಸಂಜೆ ಗಗನನನ್ನು ಇಳಿಸಿ, ಜಯಲಕ್ಷ್ಮಮ್ಮ ಕೊಟ್ಟ ಕಾಫಿಯನ್ನು ನಿಂತೇ ಕುಡಿದು, ನನ್ನ ಕಡೆ ನೋಡದೆ ಹೊರಟುಬಿಟ್ಟಿರಿ. ಜೊತೆಯಲ್ಲೇ ಇದ್ದು ಹೇಳಲಾಗದ್ದನ್ನು ಈಗ ಬರೆಯಬೇಕಾಗಿದೆ. ಎಂಥ ಅವಸ್ಥೆ ನೋಡಿ.

ಮೊನ್ನೆ ಸಂಜೆ ಅವನು ತಾನಾಗಿ ಲಾರಿ ಹತ್ತಿ ಹುರುಳಿಗೆ ಬಾಯಿ ಹಾಕಿದಾಗ ನೀವು ಓಡಿಬಂದು ಹಿಂಬಾಗಿಲು ಹಾಕಿದಿರಿ. 'ಅತ್ತಿದ್ದಾಗ್ಲೇ ಕಟ್ಬುಡ್ಬೇಕು ಕಣೋ ಒಂಟೆ, ಬೆಳಿಗ್ಗೆ ನಿನ್ ಮನ್ಸು ಎಂಗಿರ್ತದೋ ಯಾರ್ ಕಂಡೋರು' ಎಂದು ಕುದುರೆಗೆ ಹೇಳಿದಿರಿ. ಅದು ನನಗೆ ಹೇಳಿದ್ದು ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಕತ್ತಲಾದ ಮೇಲೆ ಆ ದಾರಿಗೆ ಕಾಕನಕೋಟೆ ಕಡೆಯ ಆನೆಗಳು ಬರುತ್ತವೆ, ಹೊರಡುವಂತಿರಲಿಲ್ಲ. ಹಾಗಾಗಿ ಅವನು ಇಡೀ ರಾತ್ರಿ ಲಾರಿಯಲ್ಲೇ ನಿಂತ. ಬೆಳಿಗ್ಗೆ ಮಂಜು ಕರಗುವವರೆಗೂ ನಿಂತ. ಹುಣಸೂರು ದಾಟಿದ ಮೇಲೆ ತಂಬಾಕು ಮೂಟೆಗಳ ಲಾರಿ ಸಾಲಿನಲ್ಲಿ ಸಿಕ್ಕಿಕೊಂಡು ಮಧ್ಯಾಹ್ನ ಕಳೆಯುವವರೆಗೂ ನಿಂತ.

ದಾರಿಯಲ್ಲಿ ನೀವು ಓಡಿಸಿದ್ದನ್ನು ನೋಡಿ ನನಗೆ ಕಣ್ಣು ತುಂಬಿತು. ಒಂದು ತಿರುವಿನಲ್ಲೂ ಅವನ ಕಾಲು ಜಾರಲಿಲ್ಲ. ತಂತಿ ಬಂದಲ್ಲೆಲ್ಲ ಇಳಿದು, ಮೇಲೆ ನೋಡಿ, ತೆವಳಿದ ಹಾಗೆ ಲಾರಿ ದಾಟಿಸಿದಿರಿ. 'ಏನ್ಲಾ, ನಿಮ್ಮವ್ವ ತಿಂಡಿ ತಿಂದ್ಳಾ?' ಎಂದು ಕುದುರೆಯನ್ನು ಕೇಳಿದಿರಿ. ತಿಂದಿಲ್ಲ ಎಂದು ನಾನೂ ಕುದುರೆಗೇ ಹೇಳಿದೆ. ಬನ್ನು ತಂದು ಸೀಟಿನ ಮೇಲಿಟ್ಟಿರಿ.

ಗಗನ ಒಂದು ಗೀರೂ ಇಲ್ಲದೆ ಬಂದು ಸೇರಿದ, ಮಾವ. ಸ್ವಲ್ಪ ಕೆಮ್ಮುತ್ತಿದ್ದಾನೆ, ಮೇವು ಅಷ್ಟಾಗಿ ಮುಟ್ಟಿಲ್ಲ. ಹೊಸ ಜಾಗ, ಅದಕ್ಕಿರಬೇಕು.

ರೂಪ


ಹುಣಸೂರು
22 ಡಿಸೆಂಬರ್ 2024

ರೂಪಶ್ರೀಗೆ,

ಕೆಮ್ಮು ದಾರಿಯ ಧೂಳಿಗೆ. ಬೆಲ್ಲ, ಮೆಣಸು ಕೊಡು. ಆನೆಗಳಿಗೂ ಇಳಿದ ಮೇಲೆ ಬೆಲ್ಲ ಕೊಡುತ್ತಾರೆ.

ಟೀ ಅಂಗಡಿಯಲ್ಲಿ ಎಲ್ಲರಿಗೂ ಹೇಳಿದೆ, ಇಂಥ ಎತ್ತರದ ಕುದುರೆಯನ್ನು ಹೂವಿನ ಹಾಗೆ ಇಳಿಸಿ ಬಂದೆ ಎಂದು. ಯಾರದು ಎಂದು ಕೇಳಿದರು. ನಮ್ಮ ಹುಡುಗಿಯದು ಎಂದೆ. ಬಾಯಿ ತಪ್ಪಿ ಬಂತು.

ಪುಟ್ಟಸ್ವಾಮಿ


ಪಿರಿಯಾಪಟ್ಟಣ
22 ಡಿಸೆಂಬರ್ 2024

ಮಾವ,

ನನ್ನ ಹಿಂದಿನ ಕಾಗದ ನಿಮಗೆ ತಲುಪಿತೋ ಇಲ್ಲವೋ, ಅಷ್ಟರಲ್ಲಿ ಇನ್ನೊಂದು ಬರೆಯುತ್ತಿದ್ದೇನೆ.

ಗಗನನಿಗೆ ಜ್ವರ. ಕಿವಿ ಸುಡುತ್ತಿವೆ. ಮೂಗಿನಿಂದ ಕೆಟ್ಟ ವಾಸನೆಯ ನೀರು. ಮುಂಗಾಲು ಅಗಲಿಸಿ, ಮೊಣಕೈ ಆಚೆ ಮಾಡಿ ನಿಂತಿದ್ದಾನೆ; ಮಲಗಲು ಹೋಗುವುದೇ ಇಲ್ಲ. ಪಶುವೈದ್ಯ ಉಮಾಶಂಕರ ಬಂದು ಎದೆಗೆ ಕಿವಿಗೊಟ್ಟು ಕೇಳಿದರು. ಮೊದಲ ಪ್ರಶ್ನೆಯೇ, 'ಎಷ್ಟ್ ಹೊತ್ತು ತಲೆ ಮೇಲ್ ಮಾಡಿ ಕಟ್ಟಿದ್ರಿ?' ಎಂದು.

ಇಡೀ ರಾತ್ರಿ ಎಂದೆ. ಆಮೇಲೆ ಮರುದಿನವೂ ಎಂದೆ.

ತಲೆ ಕೆಳಗೆ ಬಿಡಲಾಗದೆ ಧೂಳೂ ಕಫವೂ ಹೊರಗೆ ಬರುವ ಬದಲು ಶ್ವಾಸಕೋಶಕ್ಕೆ ಇಳಿದಿದೆಯಂತೆ. ಆ ತಗ್ಗು ವ್ಯಾನಿನಲ್ಲಿ ಬಂದಿದ್ದರೆ ನೆತ್ತಿ ಒಡೆಯುತ್ತಿತ್ತು, ಇದರಲ್ಲಿ ಎದೆ ಕೆಟ್ಟಿದೆ. ತಲೆ ಮೇಲಕ್ಕೆ ಹೋಗಬಾರದು ಎಂದೇ ನಾವಿಬ್ಬರೂ ಒಂದು ತಿಂಗಳು ಹೆದರಿದೆವು.

ನಿಮ್ಮನ್ನು ಬೈಯುವುದೆಂದೇ ಪೆನ್ನು ಹಿಡಿದೆ ಮಾವ. ನಿಂತಾಗ ಸಡಿಲ ಮಾಡೋಣ ಎಂದು ಬರೆದಿದ್ದೆನಲ್ಲ, ಯಾಕೆ ಮಾಡಲಿಲ್ಲ? ಬರೆಯುತ್ತ ಬರೆಯುತ್ತ ನನಗೇ ನಾಚಿಕೆಯಾಯಿತು. ನನಗೂ ಕೈಗಳಿದ್ದವು. ಆ ರಾತ್ರಿ ಲಾರಿಯ ಸುತ್ತ ಬಂದು ಆ ಗಂಟು ನೋಡಿದೆ. ನೀವು ಕ್ಯಾಬಿನ್ನಿನಲ್ಲಿ ಎಚ್ಚರವಾಗಿಯೇ ಇದ್ದಿರಿ. ನೀವು ಕಟ್ಟಿದ್ದನ್ನು ನಾನು ಬಿಚ್ಚಿದರೆ ಮುನಿಸಿಕೊಂಡು ಲಾರಿ ತೆಗೆದುಕೊಂಡು ಹೊರಟುಬಿಡುತ್ತೀರೇನೋ ಎಂದು ಹೆದರಿದೆ. ಹೇಳಿದರೆ ಉತ್ತರ ಬರುವುದಿಲ್ಲವಲ್ಲ, ಗೋಡೆಗೆ ಹೇಳಿದ ಹಾಗೆ ಹೇಳಬೇಕೇ ಎಂಬ ಬಿಂಕವೂ ಇತ್ತು. ಸುಮ್ಮನೆ ಹೋಗಿ ಮಲಗಿದೆ.

ಅವನು ಸತ್ತರೆ ನಾನೇನು ಮಾಡಲಿ?

ರೂಪ


ಹುಣಸೂರು
25 ಡಿಸೆಂಬರ್ 2024

ರೂಪ,

ಪಿರಿಯಾಪಟ್ಟಣ ಬಸ್ಸಿನ ಕಂಡಕ್ಟರ್ ರಜೆಯಲ್ಲಿದ್ದನಂತೆ, ನಿನ್ನ ಕಾಗದ ಇವತ್ತು ಸಿಕ್ಕಿತು. ಬೆಲ್ಲ ಕೊಡು ಎಂದು ನಾನು ಬರೆದದ್ದು ನೆನೆದು ಮೈ ಪರಚಿಕೊಳ್ಳುವ ಹಾಗಾಗಿದೆ.

ನೀನು ಲಾರಿಯ ಸುತ್ತ ಬಂದದ್ದನ್ನು ನಾನು ನೋಡಿದೆ. ಕನ್ನಡಿಯಲ್ಲಿ ಕಂಡಿತು. ನೀನು ಹಗ್ಗ ನೋಡಿದೆ, ಬಾಯಿ ತೆರೆದೆ, ಮುಚ್ಚಿದೆ. ಏನೋ ಇದೆ ಎಂದು ನನಗೆ ಅನ್ನಿಸಿತು. ಇಳಿದು 'ಏನು' ಎಂದು ಕೇಳುವುದು ಒಂದೇ ಮಾತಿನ ಕೆಲಸ. ಬೇಕಿದ್ದರೆ ಅವಳೇ ಹೇಳುತ್ತಾಳೆ, ಕುದುರೆಯವಳು ಅವಳು, ನಾನಲ್ಲ ಎಂದುಕೊಂಡೆ. ನೀನು ಹೋದೆ. ಅವಳು ಒಪ್ಪಿದಳು ಎಂದರೆ ಕಟ್ಟಿದ್ದು ಸರಿ ಎಂದುಕೊಂಡು ಕಣ್ಣು ಮುಚ್ಚಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ದೊಡ್ಡವರು ಹೇಳಿದರು. ಆಡದಿದ್ದರೆ ಏನು ಹೋಗುತ್ತದೆ ಎಂದು ಯಾರೂ ಹೇಳಲಿಲ್ಲ.

ಊಟ ಸೇರುತ್ತಿಲ್ಲ. ನನಗೆ ಹೊಟ್ಟೆ ಸರಿಯಿಲ್ಲ ಎಂದು ನಿನ್ನ ಅತ್ತೆಗೆ ಹೇಳಿದ್ದೇನೆ. ಅವಳಿಗೆ ಈ ಕಾಗದಗಳ ವಿಷಯ ಗೊತ್ತಿಲ್ಲ. ಲಾರಿ ಯಾರದೋ ಬಾಡಿಗೆಗೆ ಹೋಗಿತ್ತು ಎಂದಷ್ಟೇ ಗೊತ್ತು.

ಇನ್ನು ಬಸ್ಸನ್ನು ನಂಬಬೇಡ. ಅವಸರವಿದ್ದರೆ ಫೋನ್ ಮಾಡು. ಎತ್ತುತ್ತೇನೆ. ಮಾತಾಡುವುದಿಲ್ಲ, ಕೇಳಿಸಿಕೊಳ್ಳುತ್ತೇನೆ.

ಮಾವ


ಮೈಸೂರು
30 ಡಿಸೆಂಬರ್ 2024

ಅತ್ತೆಗೆ ರೂಪಶ್ರೀಯ ನಮಸ್ಕಾರ.

ನನ್ನ ಅಕ್ಷರ ಕಂಡೊಡನೆ ಈ ಕಾಗದ ಒಲೆಗೆ ಹಾಕಬೇಡಿ. ಇದನ್ನು ನಿಮಗೆ ಬರೆಯಬಾರದೆಂದು ಮಾವ ಕೈಮುಗಿದು ಕೇಳಿಕೊಂಡಿದ್ದಾರೆ. ಆದರೂ ಬರೆಯುತ್ತಿದ್ದೇನೆ. ಬಾಯಿ ಮುಚ್ಚಿಕೊಂಡು ಒಂದು ಸಲ ಕೆಟ್ಟಿದ್ದೇನೆ, ಮತ್ತೆ ಕೆಡಲಾರೆ.

ಒಂದು ಕುದುರೆಯನ್ನು ಸಾಗಿಸಿಕೊಡಿ ಎಂದು ನಾನು ಮಾವನಿಗೆ ಕಾಗದ ಬರೆದೆ, ಅವರು ಸಾಗಿಸಿಕೊಟ್ಟರು. ನಿಮ್ಮ ತಲೆಯ ಮೇಲೆ ಇಟ್ಟ ಆಣೆ ನೆನೆದು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಕಟ್ಟಿದ ಹಗ್ಗ ಗಿಡ್ಡವಾಗಿತ್ತು. ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಕುದುರೆ ಕಾಯಿಲೆ ಬಿತ್ತು.

ಶುಕ್ರವಾರ ಬೆಳಿಗ್ಗೆ ಡಾಕ್ಟರು ಎದೆಯಲ್ಲಿ ನೀರು ತುಂಬಿದೆ, ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ತೆಗೆಸಬೇಕು, ಇವತ್ತೇ ಹೋಗಬೇಕು ಎಂದರು. ನಾನು ಮಾವನಿಗೆ ಫೋನ್ ಮಾಡಿದೆ. ಎತ್ತಿದರು. ಹೇಳಿದೆ. ಆ ಕಡೆ ಉಸಿರು ಮಾತ್ರ. ಆಮೇಲೆ ಲಾರಿ ಸ್ಟಾರ್ಟ್ ಆದ ಸದ್ದು ಕೇಳಿಸಿತು, ಫೋನ್ ಕಟ್ಟಾಯಿತು.

ಬಂದಾಗ ಲಾರಿಯ ತಳಕ್ಕೆ ಹೊಸ ಚಾಪೆ ಹಾಸಿತ್ತು, ಧೂಳು ಏಳದ ಹಾಗೆ ಹುಲ್ಲಿಗೆ ನೀರು ಚಿಮುಕಿಸಿತ್ತು. ಗಗನ ದಿಬ್ಬದ ಮೇಲೆ ನಿಂತು ಲಾರಿ ನೋಡಿದ. ಹತ್ತುವುದಿಲ್ಲ ಎಂದುಕೊಂಡೆ. ನಾವು ಅವನಿಗೆ ಮಾಡಿದ್ದಕ್ಕೆ ಅವನು ಹತ್ತಬಾರದಿತ್ತು. ಹತ್ತಿದ. ಈ ಸಲ ಹಗ್ಗ ಕಟ್ಟಲೇ ಇಲ್ಲ. ನಾನು ಅವನ ಪಕ್ಕದಲ್ಲಿ ನಿಂತು ಮುಖದ ಪಟ್ಟಿ ಹಿಡಿದುಕೊಂಡೆ. ತಂತಿ ಬಂದರೆ ನಾನೇ ತಗ್ಗಿಸುತ್ತೇನೆ ಎಂದೆ. ಮಾವ ತಲೆ ಆಡಿಸಿದರು.

ಹುಣಸೂರು ದಾಟಿದ ಮೇಲೆ ಅವನ ಮುಂಗಾಲು ಮಡಚಿಕೊಂಡಿತು ಅತ್ತೆ. ಅಷ್ಟು ದೊಡ್ಡ ಪ್ರಾಣಿ ನನ್ನ ಮೇಲೆ ವಾಲಿತು. ಗೋಣಿಚೀಲ ಇಲ್ಲದಿದ್ದರೆ ನನ್ನ ಪಕ್ಕೆಲುಬು ಉಳಿಯುತ್ತಿರಲಿಲ್ಲ. ನಾನು ಕಿರುಚಿದ್ದು ಒಂದೇ ಸಲ. ಲಾರಿ ನಿಂತಿತು. ಮಾವ ಹಲಗೆ ಹತ್ತಿ ಒಳಗೆ ಹಾರಿ, 'ಮಗಾ, ನಿಂಗೇನಾಯ್ತವ್ವ? ಎಲ್ ನೋವಾಯ್ತು?' ಎಂದರು. ಕುದುರೆಯ ಕಡೆ ನೋಡಲೂ ಇಲ್ಲ.

ಮಾತು ಆಡಿದ ಮೇಲೆ ಆಣೆ ಮುರಿದದ್ದು ಅವರಿಗೆ ಗೊತ್ತಾಯಿತು. ಬಾಯಿಗೆ ಟವೆಲ್ ಒತ್ತಿಕೊಂಡು ನಿಂತುಬಿಟ್ಟರು. ಆಮೇಲೆ ಇಬ್ಬರೂ ಭುಜ ಕೊಟ್ಟು ಅವನನ್ನು ಎಬ್ಬಿಸಿದೆವು. ಮೈಸೂರಿನವರೆಗೂ ಕ್ಯಾಬಿನ್ನಿನ ಹಿಂದಿನ ಕಿಂಡಿಯಿಂದ, 'ಎಂಗವ್ನೆ?' ಎಂದು ಕೂಗುತ್ತಲೇ ಇದ್ದರು. ನಾನು 'ಉಸ್ರು ಐತೆ ಮಾವ' ಎಂದು ಕೂಗುತ್ತಲೇ ಇದ್ದೆ. ಒಡೆದದ್ದು ಒಡೆಯಿತು, ಇನ್ನೇನು ಎಂಬ ಹಾಗೆ ಕೂಗುತ್ತಿದ್ದರು.

ಎದೆಯಿಂದ ಬಕೆಟ್ ತುಂಬ ನೀರು ತೆಗೆದರು. ನಿನ್ನೆ ಗಗನ ತಲೆಯನ್ನು ನೆಲಕ್ಕೆ ಬಿಟ್ಟು ಹುಲ್ಲು ತಿಂದ. ಗಂಡಾಂತರ ಕಳೆಯಿತು ಎಂದು ಡಾಕ್ಟರು ಇನ್ನೂ ಹೇಳುತ್ತಿಲ್ಲ, ಆದರೆ ಅವರ ಮುಖ ಹಗುರಾಗಿದೆ. ಮುಂದೆ ಓಡಲಾರನಂತೆ, ನಡೆದಾಡಿಕೊಂಡು ಇರಬಹುದಂತೆ. ಅಷ್ಟು ಸಾಕು.

ಕುದುರೆಗೆ ನೀರು ತೆಗೆಯುವಾಗ ಮಾವ ಹೊರಗಿನ ಮರದ ಕೆಳಗೆ ಕೂತಿದ್ದರು. ಹೋಗಿ ಕರೆದರೆ, 'ನಿಮ್ಮತ್ತೆಗೇನಾದ್ರೂ ಆದ್ರೆ ನಾನ್ ಉಳ್ಯಲ್ಲ ಕಣವ್ವ' ಎಂದರು. ಅತ್ತೆ, ನೀವು ಮಾತ್ರೆ ತಪ್ಪಿಸಬೇಡಿ. ತಲೆ ಸುತ್ತಿದರೆ ತಕ್ಷಣ ಯತೀಶನಿಗೆ ಹೇಳಿ. ನಿಮಗೆ ಏನಾದರೂ ಆದರೆ ಅದು ನನ್ನಿಂದಲೇ. ಯತೀಶನ ವಿಷಯದಲ್ಲಿ ನಾನು ಹೇಳಿದ್ದನ್ನು ಬದಲಿಸಲಾರೆ, ಆದರೆ ನೀವು ಅಡುಗೆಮನೆಯಲ್ಲಿ ಕುಸಿದು ಕೂತದ್ದನ್ನು ಮಾವ ಬರೆದ ಮೇಲೆ ಅದು ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಿಮ್ಮ
ರೂಪ


ಹುಣಸೂರು
4 ಜನವರಿ 2025

ರೂಪಳಿಗೆ ಸುನಂದಮ್ಮ ಬರೆಯುವುದು.

ನಾನು ಕಾಗದ ಬರೆದು ಎಷ್ಟು ವರ್ಷವಾಯಿತೋ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿವೆ, ಸರಿಮಾಡಿಕೊಂಡು ಓದು.

ನಿನ್ನ ಕಾಗದ ಬರುವವರೆಗೂ ಈ ಮನುಷ್ಯನಿಗೆ ಏನಾಗಿದೆ ಎಂದು ನನಗೆ ತಿಳಿಯಲಿಲ್ಲ. ಹೋದ ವಾರ ಶುಕ್ರವಾರ ಮೈಸೂರಿನಿಂದ ಬಂದವರು ನನ್ನ ಮುಖವನ್ನೇ ನೋಡುತ್ತ ಕೂತಿದ್ದಾರೆ. 'ಸುನಂದಾ, ತಲೆ ಸುತ್ತುತ್ತಾ?' ಎಂದು ಕೇಳುತ್ತಾರೆ. ಇಲ್ಲ ಎಂದರೆ, 'ನಿಜ ಹೇಳು' ಎನ್ನುತ್ತಾರೆ. ಬಾವಿಗೆ ಹೋದರೆ ಹಿಂದೆ ಬರುತ್ತಾರೆ. ನನ್ನ ಕೈಯಿಂದ ಕೊಡ ಕಿತ್ತುಕೊಂಡು ತಾವೇ ಸೇದುತ್ತಾರೆ. ಮದುವೆಯಾದಾಗಿನಿಂದ ಕಾಣದ ಸಂಭ್ರಮ. ಪಕ್ಕದ ಮನೆಯವಳು, 'ಏನ್ ಸುನಂದಕ್ಕ, ನಿಮ್ಮೆಜಮಾನ್ರು ಒಸಾ ಮದ್ಲಿಂಗ ಆಗವ್ರೆ?' ಎಂದು ಕೇಳಿದಳು. ರಾತ್ರಿ ಎಚ್ಚರವಾದರೆ ನನ್ನ ಮೂಗಿನ ಹತ್ತಿರ ಕೈ ಹಿಡಿದಿರುತ್ತಾರೆ. ನಾನು ಹೆದರಿದ್ದು ಅದಕ್ಕೇ, ಇವರಿಗೇ ಏನೋ ಕಾಯಿಲೆ ಎಂದು.

ಕಾಗದ ಓದಿದ ಮೇಲೆ ಎದುರಿಗೆ ಕೂರಿಸಿಕೊಂಡು ಕೇಳಿದೆ. ಮಗುವಿನ ಹಾಗೆ ಅತ್ತರು. ನಾನು ಹೇಳಿದೆ, 'ಆಣೆ ಇಕ್ಕಿದೋರು ನೀವು, ತಲೆ ನಂದು. ಇಕ್ಕೋ ಮುಂಚೆ ನನ್ನೊಂದ್ ಮಾತ್ ಕೇಳಿದ್ರಾ? ನಾನ್ ಯಾವತ್ತಾದ್ರೂ ಆ ಕೂಸಿನ್ ಜೊತೆ ಮಾತಾಡ್ಬ್ಯಾಡಿ ಅಂದಿದ್ನಾ?' ನನಗೆ ಆವತ್ತು ದುಃಖವಾಗಿತ್ತು ರೂಪ, ಸುಳ್ಳು ಹೇಳುವುದಿಲ್ಲ, ಇವತ್ತೂ ಇದೆ. ದುಃಖ ಬೇರೆ, ಮಾತು ಬಿಡುವುದು ಬೇರೆ. ನೀನು ಹೋದ ಮೇಲೆ ಈ ಮನೆಯಲ್ಲಿ ನಿನ್ನ ಹೆಸರು ಹೇಳಲು ನಾನೂ ಹೆದರುತ್ತಿದ್ದೆ, ಇವರ ಆಣೆಗೆ ಎಲ್ಲಿ ಧಕ್ಕೆಯಾಗುತ್ತದೋ ಎಂದು. ಯತೀಶನೂ ಹೆದರುತ್ತಿದ್ದ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ನಮ್ಮ ಪುಣ್ಯ, ಇವರು ಕೊಯ್ದದ್ದು ಮೂಗಲ್ಲ.

ನಿನ್ನೆ ಮೂವರೂ ಮನೆದೇವರಿಗೆ ಹೋಗಿ ಕಾಯಿ ಒಡೆಸಿ, ತಪ್ಪು ಕಾಣಿಕೆ ಹಾಕಿ ಬಂದೆವು. ಆಣೆ ಇಳಿಯಿತು. ಪೂಜಾರಿ ತೀರ್ಥ ಕೊಟ್ಟರೆ ಇವರು ತಮಗೆ ಬೇಡ, ಅದೂ ನನಗೇ ಹಾಕಿ ಎಂದರು.

ಕುದುರೆಯನ್ನು ವಾಪಸ್ ಕರೆದುಕೊಂಡು ಹೋಗುವ ದಿನ ಯಾವುದೆಂದು ತಿಳಿಸು. ನಾನೂ ಲಾರಿಯಲ್ಲಿ ಬರುತ್ತೇನೆ. ಅಷ್ಟು ಎತ್ತರದ ಪ್ರಾಣಿಯನ್ನು ನಾನು ನೋಡಿಲ್ಲ. ನೀನು ಸರಿಯಾಗಿ ಊಟ ಮಾಡುತ್ತಿದ್ದೀಯೋ ಇಲ್ಲವೋ, ಅದನ್ನೂ ನೋಡಬೇಕು.

ನಾನು ಚೆನ್ನಾಗಿದ್ದೇನೆ, ನನಗೆ ಏನೂ ಆಗಿಲ್ಲ. ಇದನ್ನು ನಿನ್ನ ಮಾವನಿಗೆ ಫೋನ್ ಮಾಡಿ ನೀನೇ ಒಂದು ಸಲ ಹೇಳು. ನಾನು ಹೇಳಿದರೆ ನಂಬುತ್ತಿಲ್ಲ.

ಇಂತಿ ನಿನ್ನ ಅತ್ತೆ,
ಸುನಂದಮ್ಮ